ರೂಪಾಳ ಹೆಬ್ಬೆರಳು

ಜೂನ್ ೧೧, ಮಂಗಳವಾರ

ಬೆಳಿಗ್ಗೆ ಮೂರು ಹಸು, ಒಂದು ಎಮ್ಮೆ, ಕುಳ್ಳಯ್ಯನ ಮೇಕೆ. ಮೇಕೆಗಿಂತ ಕುಳ್ಳಯ್ಯನಿಗೇ ಗಾಬರಿ ಜಾಸ್ತಿ. ಹೆಗಲ ಮೇಲಿನ ಟವೆಲ್ ತೆಗೆದು ಮೇಕೆಯ ಕಣ್ಣು ಮುಚ್ಚು ಮಾರಾಯ ಎಂದೆ. ನನ್ನ ಪದ್ಧತಿ ಅದು. ಹಸುವಾಗಲಿ ಎಮ್ಮೆಯಾಗಲಿ, ಮೊದಲು ಕಣ್ಣು ಮುಚ್ಚಿಸುವುದು. ಸೂಜಿ ಕಾಣದಿದ್ದರೆ ಅರ್ಧ ನೋವು ಇಲ್ಲ. ಪಶು ಆಸ್ಪತ್ರೆಯಲ್ಲಿ ನಾನು ಬರೀ ಇನ್ಸ್‌ಪೆಕ್ಟರ್. ಆದರೂ ಸುತ್ತ ಹಳ್ಳಿಯವರು ಡಾಕ್ಟರನ್ನು ಬಿಟ್ಟು 'ಲಿಂಗರಾಜಣ್ಣನ ಕೈ ಬೇಕು' ಅನ್ನುತ್ತಾರೆ. ಬರೆದುಕೊಳ್ಳಲು ನಾಚಿಕೆಯೇನಿಲ್ಲ. ಯಾರು ಓದಬೇಕು ಇದನ್ನು.

ಮಧ್ಯಾಹ್ನ ಊಟಕ್ಕೆ ಬಂದರೆ ಹೆಂಡತಿ ರೂಪಾ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ಆಗಾಗ ಬರುವ ಊತ ಈ ಸಲ ಕರುಳಿಗೆ. ಕೈ, ಮುಖ, ಹೊಟ್ಟೆ... ಯಾವಾಗ ಎಲ್ಲಿಗೆ ಅಂತ ಹೇಳುವ ಹಾಗಿಲ್ಲ. ಮಾಮೂಲಿ ಅಲರ್ಜಿ ಇಂಜೆಕ್ಷನ್‌ಗೆ ಇದು ಜಗ್ಗುವುದಿಲ್ಲ. ಅವಳ ಅಪ್ಪನಿಂದ ಬಂದ ಕಾಯಿಲೆ. ಕಂಪಲಾಪುರದ ಮಾವನಿಗೆ ಗಂಟಲಿಗೇ ಬಂತು. ಮಾತಾಡುತ್ತಾ ಮಾತಾಡುತ್ತಾ ಉಸಿರು ಕಟ್ಟಿ ಹೋದರು.

ಮೈಸೂರಿನ ಡಾಕ್ಟರಮ್ಮ ಔಷಧಿ ಕೊಡುತ್ತಿದ್ದಾರೆ, ಪುಕ್ಕಟೆ. ಔಷಧಿ ಹೊಸದಲ್ಲ. ಅವರು ಪರೀಕ್ಷೆ ಮಾಡುತ್ತಿರುವುದು ಚುಚ್ಚುವ ವಿಧಾನವನ್ನು. ಮೊದಲ ಮೂರು ತಿಂಗಳು ಸಿರಿಂಜ್, ಈಗ ಒತ್ತಿದರೆ ತಾನೇ ಚುಚ್ಚುವ ಪೆನ್. ಮನೆಯಲ್ಲಿ, ಯಾರೂ ಕೈ ಹಾಕದೆ, ರೋಗಿಯೇ ಹಾಕಿಕೊಳ್ಳಲು ಯಾವುದು ಸುಲಭ ಅಂತ ಗೊತ್ತಾಗಬೇಕಂತೆ.

ರೂಪಾ ಪೆನ್ ಕೈಗೆ ತೆಗೆದುಕೊಂಡಳು. ತುದಿ ಯಾವುದು ಬುಡ ಯಾವುದು ಅಂತ ತಿರುಗಿಸಿ ತಿರುಗಿಸಿ ನೋಡಿದಳು. ನನಗೆ ತಡೆಯಲಾಗಲಿಲ್ಲ.

"ಕೊಡಿಲ್ಲಿ. ಕಣ್ ಮುಚ್ಕೊ."

"ನಾನೇ ಹಾಕ್ಕೋಬೇಕು ಅಂದವ್ರೆ ಕಣ್ರೀ."

"ಅಂದ್ಕೊಳ್ಲಿ ಬುಡು. ಇಲ್ಲಿ ಬಂದು ನೋಡ್ತಾ ಕೂತವ್ರಾ?"

ಸೆರಗು ಮುಖಕ್ಕೆ ಹಾಕಿಕೊಂಡಳು. ಟಿಕ್. ಹತ್ತು ಎಣಿಸುವಷ್ಟರಲ್ಲಿ ಇನ್ನೊಂದು ಟಿಕ್, ಔಷಧಿ ಪೂರ್ತಿ ಒಳಗೆ. ಅಷ್ಟೇ. ಸಿರಿಂಜ್ ಇದ್ದಾಗಲೂ ನಾನೇ ಹಾಕುತ್ತಿದ್ದುದು.

ಸಂಜೆ ಕಾವ್ಯಶ್ರೀ ಸಿಸ್ಟರ್ ಫೋನ್. ಈ ಪರೀಕ್ಷೆಯ ನರ್ಸ್ ಅವರು. ಯಾರು ಹಾಕಿದ್ದು ಅಂತ ಪ್ರತಿ ಸಲ ಕೇಳುತ್ತಾರೆ. ರೂಪಾ ನನ್ನ ಮುಖ ನೋಡಿದಳು. ಫೋನ್ ಇಸಿದುಕೊಂಡು, "ಅವಳೇ ಮೇಡಂ, ಸಲೀಸಾಗಿ" ಎಂದೆ. 'ಸಲೀಸಾಗಿ' ಅನ್ನುವುದನ್ನು ಸೇರಿಸುವ ಅಗತ್ಯ ಇರಲಿಲ್ಲ.

ಜೂನ್ ೨೭, ಗುರುವಾರ

ಮೈಸೂರು ಚೆಕಪ್. ಸೂಜಿಯಿಲ್ಲದ ಡಮ್ಮಿ ಪೆನ್ ಕೊಟ್ಟು, ಸ್ಪಂಜಿನ ಮೇಲೆ ಒತ್ತಿ ತೋರಿಸಿ ಅಂದರು. ರೂಪಾ ಒಂದೊಂದು ಹೆಜ್ಜೆಗೂ ನನ್ನ ಕಡೆ ನೋಡುತ್ತಿದ್ದಳು. ನಾನು ಹುಬ್ಬು ಕುಣಿಸಿ ಹೇಳಿಕೊಟ್ಟೆ, ಪರೀಕ್ಷೆಯಲ್ಲಿ ಹಿಂದಿನ ಬೆಂಚಿನವನು ಹೇಳಿಕೊಟ್ಟ ಹಾಗೆ. ಸಿಸ್ಟರ್ "ವೆರಿ ಗುಡ್" ಅಂದರು.

ಬಸ್ಸಿನಲ್ಲಿ ಬಿಳಿಕೆರೆ ದಾಟುವವರೆಗೂ ಅವಳು ಕಿಟಕಿ ಕಡೆ ತಿರುಗಿ ಕೂತಿದ್ದಳು. ಆಮೇಲೆ, "ಮುಂದಿನ್ ಸಲ ನಾನೇ ಹಾಕ್ಕೊಂಡ್ ನೋಡ್ತೀನಿ ಕಣ್ರೀ. ನೀವು ಸುಮ್ನಿರಿ."

"ನೋಡುವಂತೆ ಬುಡು."

ಜುಲೈ ೧೩, ಶನಿವಾರ

ಮತ್ತೆ ಹೊಟ್ಟೆ. ಪೆನ್‌ಗೆ ಕೈ ಚಾಚಿದಳು. ಕಂಡೂ ಕಾಣದವನ ಹಾಗೆ ನಾನೇ ಹಾಕಿದೆ. ಸೆರಗು ಹಾಕಿಕೊಳ್ಳಲಿಲ್ಲ ಈ ಸಲ, ಗೋಡೆ ಕಡೆ ತಿರುಗಿದಳು.

ಜುಲೈ ೨೬, ಶುಕ್ರವಾರ. ಮೈಸೂರು, ಆಸ್ಪತ್ರೆ ವರಾಂಡ

ಬುಧವಾರದ್ದು ಇವತ್ತು ಬರೆಯುತ್ತಿದ್ದೇನೆ. ಪೆನ್ನು ಹಿಡಿಯಲು ಆಗಿರಲಿಲ್ಲ.

ವೀರನಹೊಸಹಳ್ಳಿಯಲ್ಲಿ ಸಣ್ಣಬೀರಯ್ಯನ ಹಸು, ಕರು ಅಡ್ಡ ಸಿಕ್ಕಿಕೊಂಡಿತ್ತು. ಕಾಡಿನ ಅಂಚು, ಫೋನಿಗೆ ನೆಟ್‌ವರ್ಕ್ ಇಲ್ಲ. ತೋಳು ಸೋತು ಹೋಯಿತು, ಆದರೂ ಕರು ಜೀವಂತ ಬಂತು. ಸಣ್ಣಬೀರಯ್ಯ ಟೀ ಕೊಟ್ಟು, "ನಿಮ್ ಕೈಗುಣ ದೊಡ್ದು ಡಾಕ್ಟ್ರೇ, ನಮ್ ಮನೆ ಉಳೀತು" ಅಂದ. ನಾನು ಇನ್ನೊಂದು ಲೋಟ ಟೀ ಕುಡಿದೆ. ಮಾತು ಬೆಳೆಸಿಕೊಂಡು ಕೂತೆ. ಹೊಗಳಿಕೆ ಬಿಟ್ಟು ಏಳಲು ಮನಸ್ಸು ಬರಲಿಲ್ಲ, ಥೂ.

ಅದೇ ಹೊತ್ತಿಗೆ ಮನೆಯಲ್ಲಿ ರೂಪಾಳ ದನಿ ಒಡೆದಿತ್ತು. ಗಂಟಲು. ಎಂಜಲು ನುಂಗಲು ಆಗುತ್ತಿರಲಿಲ್ಲ. ನನಗೆ ಫೋನ್ ಮಾಡಿದ್ದಾಳೆ, ಮತ್ತೆ ಮತ್ತೆ. ಸಿಗದಾಗ ಪೆನ್ ತೆಗೆದುಕೊಂಡಳು. ಮನೆಯಲ್ಲಿ ಇದ್ದದ್ದು ಅದೊಂದೇ. ಮುಚ್ಚಳ ತೆಗೆದಳು. ಹೊಟ್ಟೆಗೆ ಇಟ್ಟಳು. ಹೆಬ್ಬೆರಳಿನಿಂದ ಮೇಲೆ ಒತ್ತಿದಳು.

ತಿರುಗಾಮುರುಗಾ ಹಿಡಿದಿದ್ದಳು. ಸೂಜಿ ಹೆಬ್ಬೆರಳಿಗೆ ಇಳಿಯಿತು. ನೋವಿಗೆ ಕೈ ಕಿತ್ತುಕೊಂಡಳು, ಔಷಧಿಯೆಲ್ಲ ನೆಲಕ್ಕೆ ಚಿಮ್ಮಿತು.

ಕೂಗಲು ದನಿ ಇಲ್ಲ. ಸ್ಟೀಲ್ ಬಿಂದಿಗೆ ಎತ್ತಿ ಅಂಗಳಕ್ಕೆ ಎಸೆದಳಂತೆ. ಪಕ್ಕದ ಮನೆಯಲ್ಲಿ ಹೊಗೆಸೊಪ್ಪು ಕಟ್ಟುತ್ತಿದ್ದ ಕೆಂಪಾಜಮ್ಮ ಓಡಿ ಬಂದರು. ಅವರ ಮಗ ಚಲುವರಾಜು ಓಮ್ನಿಯಲ್ಲಿ ಹಾಕಿಕೊಂಡು ಹುಣಸೂರಿಗೆ, ಅಲ್ಲಿ ಆಕ್ಸಿಜನ್ ಹಾಕಿ ಆಂಬುಲೆನ್ಸ್‌ನಲ್ಲಿ ಇಲ್ಲಿಗೆ. ಇಲ್ಲಿ ಔಷಧಿ ಸಿಕ್ಕಿತು. ಇನ್ನು ಸ್ವಲ್ಪ ತಡವಾಗಿದ್ದರೆ ಅಂತ ಡಾಕ್ಟರಮ್ಮ ಶುರು ಮಾಡಿ, ಪೂರ್ತಿ ಮಾಡಲಿಲ್ಲ.

ಇವತ್ತು ಕಾವ್ಯಶ್ರೀ ಸಿಸ್ಟರ್ ಹಾಸಿಗೆ ಪಕ್ಕ ಕೂತು ಕೇಳಿದರು. "ಇಷ್ಟು ದಿನ ಅಷ್ಟ್ ಚೆನ್ನಾಗಿ ಹಾಕ್ಕೊಂಡೋರು ಈ ಸಲ ಯಾಕ್ರೀ ಉಲ್ಟಾ ಹಿಡಿದ್ರಿ?"

ರೂಪಾ ನನ್ನ ಕಡೆ ನೋಡಲಿಲ್ಲ. ಒಡಕು ದನಿಯಲ್ಲಿ, "ಗಾಬರಿ ಆಯ್ತು ಮೇಡಂ" ಎಂದಳು.

ನಾನು ಫ್ಲಾಸ್ಕ್ ತೊಳೆಯಲು ಹೋದೆ. ತೊಳೆದದ್ದನ್ನೇ ತೊಳೆದೆ. ನಿಜ ಹೇಳಿದರೆ ಔಷಧಿ ನಿಲ್ಲಿಸುತ್ತಾರೆ, ಅದಕ್ಕೇ ಸುಮ್ಮನಿದ್ದೆ ಅಂತ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ. ಇನ್ನರ್ಧ ಬರೀ ಮಾನ. ಲಿಂಗರಾಜಣ್ಣನ ಕೈ.

ಆಗಸ್ಟ್ ೨, ಶುಕ್ರವಾರ

ಮನೆಗೆ ಬಂದು ನಾಲ್ಕು ದಿನ. ಹೆಬ್ಬೆರಳಿಗೆ ಪಟ್ಟಿ. ಮುದ್ದೆ ಮುರಿಯಲೂ ಆಗುವುದಿಲ್ಲ, ಎಡಗೈಯಲ್ಲಿ ಚಮಚ ಹಿಡಿದು ಅನ್ನ ತಿನ್ನುತ್ತಾಳೆ. ತಿನ್ನಿಸಲು ಹೋದೆ. ತಟ್ಟೆ ಆಚೆ ಎಳೆದುಕೊಂಡಳು.

ಆಮೇಲೆ ತಾನಾಗಿ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

"ಕಣ್ ಬುಟ್ಟಿದ್ರೆ ಸೂಜಿ ಯಾವ್ ಕಡೆ ಅಂತ ಕಾಣ್ತಿತ್ತು. ಪೆನ್ ಹೊಟ್ಟೆಗಿಟ್ ಕೂಡ್ಲೆ ಯಾಕೋ ಕಣ್ಣು ತಾನೇ ಮುಚ್ಚೋಯ್ತು. ನೀವು ಪಕ್ಕದಲ್ ನಿಂತು ಮುಚ್ಕೊ ಅಂದಂಗಾಯ್ತು ಕಣ್ರೀ."

ಕೊಟ್ಟಿಗೆಗೆ ಹೋಗಿ ಅತ್ತೆ. ಹೆಂಡತಿಯನ್ನು ಹಸುವಿನ ಹಾಗೆ ಕಣ್ಣು ಕಟ್ಟಿ ನಿಲ್ಲಿಸಿದೆ. ಪ್ರೀತಿ ಅಂದುಕೊಂಡಿದ್ದೆ ಅದನ್ನು. ಮಾವನ ಹಾಗೆ ಹೋಗಿಬಿಡುತ್ತಿದ್ದಳು, ನನ್ನಿಂದ. ಬೇರೆ ಯಾರಿಂದಲೂ ಅಲ್ಲ.

ಆಗಸ್ಟ್ ೫, ಸೋಮವಾರ

ಸಿಸ್ಟರ್ ಫೋನ್, ಬೆರಳು ಹೇಗಿದೆ ಅಂತ. ಮಾತಿನ ನಡುವೆ, ಎಚ್.ಡಿ. ಕೋಟೆಯ ಒಬ್ಬ ಹುಡುಗಿಗೆ ಗುರುವಾರ ಪೆನ್ ಕೊಡುತ್ತಿದ್ದೇವೆ ಅಂದರು. ಪಿಯುಸಿ ಓದುವ ಹುಡುಗಿ, ಬಹಳ ಹೆದರುತ್ತಾಳಂತೆ. "ಹುಣಸೂರಿನ ಅಕ್ಕ ಒಬ್ರು ಸಲೀಸಾಗಿ ಹಾಕ್ಕೊಂಡವ್ರೆ, ಒಂದ್ಸಲ ಗಾಬರೀಲಿ ತಪ್ಪಾಯ್ತಷ್ಟೆ ಅಂತ ಧೈರ್ಯ ಹೇಳಿದೀನಿ ಸಾರ್."

ಸಲೀಸಾಗಿ. ನನ್ನದೇ ಮಾತು.

ಹೇಳಿಬಿಟ್ಟೆ. "ಅವಳು ಒಂದ್ಸಲಾನೂ ಹಾಕ್ಕೊಂಡಿರಲಿಲ್ಲ ಮೇಡಂ. ಎಲ್ಲಾ ನಾನೇ. ಸಿರಿಂಜೂ ನಾನೇ. ಅವಳೇನೂ ತಪ್ಪು ಮಾಡಿಲ್ಲ, ಅವಳ ಔಷಧಿ ನಿಲ್ಲಿಸ್ಬೇಡಿ."

"ಇದನ್ನ ಡಾಕ್ಟ್ರಮ್ಮನ ಮುಂದೆ ನೀವೇ ಬಂದು ಹೇಳಿ ಸಾರ್" ಅಂದು ಇಟ್ಟರು. ರೂಪಾ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಒಳಗೆ ಹೋಗಿ ಕಾಫಿ ಇಟ್ಟಳು, ಒಂದೇ ಕೈಯಲ್ಲಿ.

ಆಗಸ್ಟ್ ೮, ಗುರುವಾರ

ಡಾಕ್ಟರಮ್ಮ ಚೆನ್ನಾಗಿ ನೀರಿಳಿಸಿದರು. ಇಳಿಸಬೇಕಾದ್ದೇ. ಹಿಂದೆ ಹಾಕಿದ ಇಂಜೆಕ್ಷನ್ ಒಂದೂ ಲೆಕ್ಕಕ್ಕಿಲ್ಲವಂತೆ. "ನಿಮ್ಮನೇಲಿ ನಿಜವಾಗಿ ನಡೆದಿರೋ ಪರೀಕ್ಷೆ ಅಂದ್ರೆ ಆ ಹೆಬ್ಬೆರಳಿನದ್ದು ಒಂದೇ ಲಿಂಗರಾಜು ಅವರೇ. ಅದನ್ನೂ ಗಾಬರಿ ಅಂತ ಮುಚ್ಚಾಕಿದ್ರಿ." ಔಷಧಿ ನಿಲ್ಲಿಸುವುದಿಲ್ಲ. ರೂಪಾಗೆ ಮೊದಲಿನಿಂದ ಕಲಿಸುತ್ತಾರೆ. ಇನ್ನು ಮೇಲೆ ಮನೆಯಲ್ಲಿ ಎರಡೆರಡು ಪೆನ್. ಷರತ್ತು ಒಂದು: ಹಾಕಿಕೊಳ್ಳುವಾಗ ನಾನು ಆ ಕೋಣೆಯಲ್ಲಿ ಇರಕೂಡದು.

ಹೊರಗೆ ಬೆಂಚಿನ ಮೇಲೆ ಕೋಟೆಯ ಆ ಹುಡುಗಿ, ಅವಳ ತಾಯಿ. ರೂಪಾ ತಾನಾಗಿ ಹೋಗಿ ಪಕ್ಕ ಕೂತಳು. ಪಟ್ಟಿ ಬಿಚ್ಚಿ ಬೆರಳು ತೋರಿಸಿದಳು. ಉಗುರಿನ ಪಕ್ಕ ಇನ್ನೂ ಕಪ್ಪಗಿದೆ.

"ನೋಡವ್ವ, ಸೂಜಿ ಈ ತುದೀಲಿರೋದು. ಯಾರ್ ಏನೇ ಅಂದ್ರೂ ಕಣ್ ಮುಚ್ಬೇಡ."

ಯಾರ್ ಏನೇ ಅಂದ್ರೂ. ನಾನು ಅಲ್ಲೇ ನಿಂತಿದ್ದೆ.

ಆಗಸ್ಟ್ ೩೦, ಶುಕ್ರವಾರ, ಮಧ್ಯಾಹ್ನ

ಜಗಲಿ ಮೇಲೆ ಕೂತಿದ್ದೇನೆ. ಕೈಗೆ ಒಂದು ಕೆಲಸ ಬೇಕು, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಈ ಕೈ ಬಾಗಿಲು ತಳ್ಳುತ್ತದೆ.

ಊಟದ ಹೊತ್ತಿಗೆ ತುಟಿ ಊದಲು ಶುರುವಾಯಿತು. ಆಮೇಲೆ ನಾಲಗೆ ದಪ್ಪ ಆಗ್ತಿದೆ ಅಂದಳು. ಮೈಸೂರಿಗೆ ಫೋನ್ ಆಗಿದೆ, ಹಾಕಿಕೊಂಡು ಹೊರಟು ಬನ್ನಿ ಅಂದರು. ಚಲುವರಾಜು ಓಮ್ನಿ ತಿರುಗಿಸಿ ನಿಲ್ಲಿಸಿದ್ದಾನೆ. ಪೆನ್ ತೆಗೆದುಕೊಂಡು ಒಳಗೆ ಹೋದಳು. ಬಾಗಿಲಲ್ಲಿ ತಿರುಗಿ, "ಅಲ್ಲೇ ಇರಿ" ಎಂದಳು. ಅಗುಳಿ ಹಾಕಬೇಡ ಎಂದೆ. ಹಾಕಿಲ್ಲ.

ಸದ್ದಿಲ್ಲ. ಕೆಂಪಾಜಮ್ಮ ಅಂಗಳದಿಂದ ಸನ್ನೆ ಮಾಡಿ ಕೇಳುತ್ತಿದ್ದಾರೆ, ಆಯ್ತಾ ಅಂತ. ನನಗೇನು ಗೊತ್ತು.

ಮುಚ್ಚಳ ಬಿದ್ದ ಸದ್ದು. ಹೋಗಲಾ? ಬೇಡ. ಅಲ್ಲೇ ಇರಿ ಅಂದಿದ್ದಾಳೆ.

"ಕಣ್ ಬುಟ್ಕೊಂಡೇ ಇವ್ನಿ ಕಣ್ರೀ"—ಒಳಗಿಂದ. ದನಿ ತೊದಲುತ್ತಿದೆ, ಆದರೆ ಇದೆ.

ಟಿಕ್.

ಕೂಗು ಇಲ್ಲ. ಎಣಿಸುತ್ತಿದ್ದಾಳೆ, ಗಟ್ಟಿಯಾಗಿ. ನಾಲ್ಕು. ಐದು. ನಾನೂ ಜೊತೆಗೆ... ಏಳು. ಎಂಟು—