ಒಂದು ಬಟ್ಟಲು, ಎರಡು ಚಮಚ

ಗುನ್ಸಾನ್,
ನವೆಂಬರ್ ೨೩, ೨೦೧೭

ಪ್ರೀತಿಯ ತಂಗಿ ಹ್ವಾಸುಕ್‌ಗೆ,

ನೀನು, ಮಕ್ಕಳು, ನಿನ್ನ ಕಿತ್ತಳೆ ತೋಟ ಎಲ್ಲ ಚೆನ್ನಾಗಿರಬಹುದು. ನೀನು ಕಳಿಸಿದ ಹಣ್ಣಿನ ಸಿಪ್ಪೆ ಕೂಡ ಒಣಗಿಹೋಯಿತು, ಅಕ್ಕನಿಂದ ಒಂದು ಮಾತಿಲ್ಲ ಅಂತ ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ಫೋನ್ ಮಾಡೋಣವೆಂದರೆ ನಿನ್ನ ಭಾವ ಮನೆಯಲ್ಲೇ ಇರುತ್ತಾರೆ. ಡಾಕ್ಟರು ಅವರ ಜಠರವನ್ನು ತೆಗೆದರೇ ಹೊರತು ಕಿವಿಯನ್ನಲ್ಲ. ಅದಕ್ಕೇ ಕಿಮ್ಚಿ ಡಬ್ಬದ ಜೊತೆ ಈ ಕಾಗದ ಇಡುತ್ತಿದ್ದೇನೆ. ಓದಿ ಹರಿದುಹಾಕು.

ಈ ಸಲ ಕಿಮ್ಚಿಯ ಕೋಸಿಗೆ ಉಪ್ಪು ಕಡಿಮೆ, ಬೇಸರ ಮಾಡಿಕೊಳ್ಳಬೇಡ. ಕಳೆದ ವಸಂತದಲ್ಲಿ ಭಾವನ ಕ್ಯಾನ್ಸರ್ ಆಪರೇಷನ್ ಆದಾಗಿನಿಂದ ನನ್ನ ಕೈಗೇ ಉಪ್ಪು ಮರೆತುಹೋಗಿದೆ. ಒಣಮೀನು ಮಾರಿ, ಒಣಮೀನು ತಿಂದೇ ಬದುಕಿದ ಮನುಷ್ಯ ಈಗ ಹೊತ್ತುಹೊತ್ತಿಗೆ ಹಿಡಿಯಷ್ಟು ಗಂಜಿ ತಿನ್ನುತ್ತಾರೆ. ಒಂದೊಂದು ತುತ್ತನ್ನೂ ಅದು ನೀರಾಗುವವರೆಗೆ ಅಗಿಯುತ್ತಾರೆ. ಕಾಯಿಲೆಗೆ ಕಾರಣವಾದ ಸೂಕ್ಷ್ಮಜೀವಿ ಚಮಚದಿಂದ ಚಮಚಕ್ಕೆ ಹೋಗಬಹುದು, ಎಲ್ಲರೂ ಒಂದೇ ಪಾತ್ರೆಗೆ ಚಮಚ ಅದ್ದಬೇಡಿ ಎಂದು ಡಾಕ್ಟರು ಹೇಳಿದ್ದರು. ನಮ್ಮ ಅಮ್ಮನ ಮನೆಯಲ್ಲಿ ಸಾರಿನ ಪಾತ್ರೆ ನಡುವೆ ಇಟ್ಟರೆ ಚಮಚಗಳು ಹೇಗೆ ಗುದ್ದಾಡುತ್ತಿದ್ದವು, ನೆನಪಿದೆಯಾ? ಮದುವೆಯಾದ ಮೇಲೆ ನಾವಿಬ್ಬರೂ ಹಾಗೆಯೇ ತಿಂದವರು. ಡಾಕ್ಟರ ಮಾತು ಕೇಳಿ ನಾನು ಅವರಿಗೊಂದು ಬೇರೆ ಬಟ್ಟಲು ತಂದಿಟ್ಟೆ. ಅದು ಪ್ರೀತಿ ಅಂದುಕೊಂಡಿದ್ದೆ.

ಅವರು ಬಟ್ಟಲನ್ನು ತಿರುಗಿಸಿ ನೋಡಿ, "ಸರಿ ಬಿಡು, ಇನ್ನು ಬೆಕ್ಕಿಗೊಂದು, ನನಗೊಂದು" ಅಂದರು. ನಾನು ನಕ್ಕುಬಿಟ್ಟೆ. ಆಗಲೇ ಅರ್ಥ ಮಾಡಿಕೊಳ್ಳಬೇಕಿತ್ತು.

ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ಜಠರವಿಲ್ಲದವರ ಸಭೆ ಸೇರುತ್ತದೆ. ಗೋಡೆಯ ಮೇಲೆ ಪ್ರಪಂಚದ ದೊಡ್ಡ ನಕಾಶೆ. ಜಠರದ ಕ್ಯಾನ್ಸರ್ ಹೆಚ್ಚಿರುವ ಕಡೆ ಕಡುಗೆಂಪು. ನಾವು, ಜಪಾನಿನವರು, ಮಂಗೋಲಿಯದವರು ಒಂದೇ ಬಣ್ಣ. ಕ್ಯಾನ್ಸರಿನಿಂದ ಸಾಯುವವರಲ್ಲಿ ಸುಮಾರು ಮೂವರಿಗೊಬ್ಬರು ಅನ್ನನಾಳ, ಜಠರ, ಕರುಳು, ಪಿತ್ತಕೋಶ ಇಂಥ ಕಡೆಯ ಕ್ಯಾನ್ಸರಿನಿಂದಲೇ ಹೋಗುತ್ತಾರೆ ಎಂದು ನರ್ಸಮ್ಮ ಹೇಳಿದಳು. ಎಲ್ಲರೂ ನಿಟ್ಟುಸಿರು ಬಿಟ್ಟರು. ನಾನು ಮಾತ್ರ ನಮ್ಮವರ ಪಕ್ಕದಲ್ಲಿ ಕೂತವಳನ್ನೇ ನೋಡುತ್ತಿದ್ದೆ. ಭೂಮಿಯ ಮೇಲಿನ ಅಷ್ಟು ಭಾರದಲ್ಲಿ ನನ್ನ ಪಾಲಿಗೆ ಬಂದದ್ದು ಅವಳು.

ಹೆಸರು ನಮ್ಸೂನ್. ವಿಧವೆ, ಬಸ್ ನಿಲ್ದಾಣದ ಹತ್ತಿರ ಬಟ್ಟೆ ರಿಪೇರಿ ಅಂಗಡಿ. ಅವಳಿಗೂ ಜಠರವಿಲ್ಲ. ಚೆಲುವೆಯೇನಲ್ಲ, ಕಡ್ಡಿಗೆ ಬಟ್ಟೆ ಸುತ್ತಿದ ಹಾಗೆ ಅಂತ ಬೇರೆ ಯಾರಾದರೂ ಆಗಿದ್ದರೆ ಅನ್ನುತ್ತಿದ್ದೆ, ನಮ್ಮವರೂ ಹಾಗೇ ಆಗಿರುವುದರಿಂದ ಬಾಯಿ ಮುಚ್ಚಿಕೊಂಡಿದ್ದೇನೆ.

ಸಭೆಯ ಪರಿಚಯದಿಂದ ಇವರು ಆಗಾಗ ಅವಳ ಅಂಗಡಿಗೆ ಹೋಗುತ್ತಿದ್ದರು, ಒಂದು ದಿನ ಮಫ್ಲರ್ ಮರೆತು ಹೋಗಿದ್ದರು. ಕೊಡೋಣವೆಂದು ಆ ಅಂಗಡಿಗೆ ಹೋದೆ. ಹೊಲಿಗೆ ಯಂತ್ರದ ಮೇಲೆ ಕುಂಬಳಕಾಯಿ ಗಂಜಿ. ಒಂದೇ ಬಟ್ಟಲು, ಎರಡು ಚಮಚ!

"ಏನ್ರೀ ಇದು? ಡಾಕ್ಟ್ರು ಏನಂದಿದ್ರು?" ಅಂದೆ.

ಅವಳೇ ನಗುತ್ತಾ ಹೇಳಿದಳು, "ಕೂತ್ಕೊಳ್ಳಿ ಅಕ್ಕ. ಆ ಹುಳ ಬಂದ್ರೂ ಇರೋಕೆ ನಮ್ಹತ್ರ ಮನೆ ಎಲ್ಲಿದೆ? ಇಬ್ಬರದ್ದೂ ಕೆಡವಿ ಹಾಕಿದಾರಲ್ಲ!"

ಇವರು ನಕ್ಕರು. ಹ್ವಾಸುಕ್, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನನ್ನ ಮನೆಯಲ್ಲಿ ಎಷ್ಟು ಕಾಲವಾಯಿತು ಆ ನಗು ಕೇಳಿ. ನಾನೂ ಒಂದು ಚಮಚ ಕೇಳಿದೆ. ಇವರು ತಟ್ಟನೆ ಬಟ್ಟಲಿಗೆ ಕೈ ಅಡ್ಡ ಇಟ್ಟು, "ನಿನಗೆ ಬೇಡ, ನಿನ್ನ ಹೊಟ್ಟೆ ಚೆನ್ನಾಗಿದೆ" ಅಂದರು.

ಅರವತ್ತು ದಾಟಿದ ಮುದುಕಿಗೆ ಹೊಟ್ಟೆಕಿಚ್ಚು ಅಂತ ನೀನು ನಗಬಹುದು. ನಗು. ಬೇರೇನಾದರೂ ನಡೆದಿದ್ದರೆ ಅವಳ ಜುಟ್ಟು ಹಿಡಿದು ಬೀದಿಗೆ ಎಳೆಯುತ್ತಿದ್ದೆ. ಗಂಜಿಗಾಗಿ ಯಾರ ಜುಟ್ಟು ಹಿಡಿಯಲಿ? ಅವಳ ಹತ್ತಿರ ಇಲ್ಲದ್ದು ನನ್ನ ಹತ್ತಿರ ಇದೆ, ಅದೇ ನನ್ನ ಕೊರತೆ.

ಈ ತಿಂಗಳು ಸರಕಾರದ ತಪಾಸಣೆಗೆ ನನ್ನ ಸರದಿ ಬಂತು. ಮಂಪರು ಕೊಟ್ಟು ಗಂಟಲೊಳಗೆ ಕೊಳವೆ ಬಿಡುತ್ತಾರಲ್ಲ, ಅದು. ಮನೆಯವರೊಬ್ಬರು ಜೊತೆಗಿರಲೇಬೇಕೆಂಬ ನಿಯಮ, ಹಾಗಾಗಿ ಇವರು ಬಂದರು. ಎಚ್ಚರವಾದಾಗ ಡಾಕ್ಟರು, "ಒಂದು ಕಡೆ ಕೆಂಪಗಿದೆ, ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೇವೆ" ಅಂದರು. ಇವರ ಮುಖದ ಬಣ್ಣವೇ ಹೋಯಿತು. ಬಸ್ಸಿನಲ್ಲಿ ಉದ್ದಕ್ಕೂ ನನ್ನ ಕೈ ಬಿಡಲಿಲ್ಲ.

ಮನೆಗೆ ಬಂದವರೇ ಅಕ್ಕಿ ನೆನೆಹಾಕಿ, ರುಬ್ಬಿ, ಗಂಜಿ ಕಾಯಿಸಿದರು. ಜನ್ಮದಲ್ಲಿ ಒಲೆ ಹೊತ್ತಿಸಿದವರಲ್ಲ. ಒಂದು ಬಟ್ಟಲು ತಂದರು, ಎರಡು ಚಮಚ ಇಟ್ಟರು.

"ನಿಮ್ಮ ಬಟ್ಟಲು?" ಅಂದೆ.

"ಸುಮ್ನೆ ತಿನ್ನೇ. ನಿಧಾನ. ಚೆನ್ನಾಗಿ ಅಗಿ."

ಅಂದಿನಿಂದ ಹೊತ್ತುಹೊತ್ತಿಗೂ ಹೀಗೇ. ಇವರು ಅವಳ ಅಂಗಡಿಯ ಕಡೆ ಹೆಜ್ಜೆ ಹಾಕಿಲ್ಲ. ಅವಳು ಫೋನ್ ಮಾಡಿದಾಗ, "ನಮ್ಮನೆಯವಳಿಗೆ ಹುಷಾರಿಲ್ಲ, ಬರಕ್ಕಾಗಲ್ಲ" ಅಂದದ್ದು ನನ್ನ ಕಿವಿಗೆ ಬಿತ್ತು. ಆ ಮಾತು ಎಷ್ಟು ಸಿಹಿಯಾಗಿತ್ತು ಗೊತ್ತಾ?

ಚಳಿ ಜಾಸ್ತಿ, ಮಕ್ಕಳನ್ನು ಬೆಚ್ಚಗಿಡು. ತೋಟ ತುಂಬಿ ಬರಲಿ, ನಿನ್ನ ಗಂಡನ ಮೊಣಕಾಲು ನೋವು ಇಳಿಯಲಿ, ನಿಮ್ಮ ಮನೆಯ ಸಾರಿನ ಪಾತ್ರೆ ಯಾವತ್ತೂ ನಡುವೆಯೇ ಇರಲಿ. ನಿಮಗೆಲ್ಲ ನನ್ನ ಆಶೀರ್ವಾದ.

ನಿನ್ನ ಅಕ್ಕ,
ಗುಮ್ಜಾ

ತಾ.ಕ.: ಪರೀಕ್ಷೆಯ ಫಲಿತಾಂಶ ಕಳೆದ ವಾರವೇ ಬಂತು. ಇವರು ಪೇಟೆಗೆ ಹೋಗಿದ್ದಾಗ ಆಸ್ಪತ್ರೆಯಿಂದ ಫೋನ್ ಬಂದಿತ್ತು. "ಏನೂ ಇಲ್ಲಮ್ಮ, ಬರೀ ಉರಿಯೂತ. ನೆಮ್ಮದಿಯಾಗಿರಿ" ಅಂದರು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ, ಅದು ಸಂತೋಷದ ಅಳುವಲ್ಲ. ಅಷ್ಟರಲ್ಲಿ ಇವರು ಬಂದರು. ನನ್ನ ಕಣ್ಣೀರು ನೋಡಿ ಕೆಟ್ಟ ಸುದ್ದಿಯೆಂದೇ ತಿಳಿದು, ಚೀಲ ಕೆಳಗಿಟ್ಟು ಅಕ್ಕಿ ತೊಳೆಯತೊಡಗಿದರು. ತಮ್ಮ ಪಾಲನ್ನೂ ನನ್ನ ಕಡೆಗೇ ತಳ್ಳುತ್ತಾರೆ. ಮೊದಲೇ ಕಡ್ಡಿಯಂಥ ಮೈ, ಬೆಲ್ಟಿಗೆ ಇನ್ನೊಂದು ತೂತು ಕೊರೆದುಕೊಂಡಿದ್ದಾರೆ. ಹೇಳಲೇಬೇಕು, ಗೊತ್ತು. ಇವತ್ತು ಹೇಳಿಬಿಡೋಣವೆಂದೇ ಬೆಳಿಗ್ಗೆ ಅವರ ಬೇರೆ ಬಟ್ಟಲನ್ನು ತೊಳೆದು ಮೇಜಿನ ಮೇಲಿಟ್ಟಿದ್ದೆ. ಈಗ ನೋಡಿದರೆ ಅದರಲ್ಲಿ ಬೆಕ್ಕಿಗೆ ಹಾಲು ಹಾಕಿದ್ದಾರೆ. ಗಂಜಿ ಆರುತ್ತದೆ ಬಾ ಅಂತ ಕರೆಯುತ್ತಿದ್ದಾರೆ, ಹೋಗುತ್ತೇನೆ.