ನನಗೆ ಹಾಕದ ದಂಡ

೧೨ ನವೆಂಬರ್ ೧೯೩೮, ಶನಿವಾರ. ಆಕ್ಸ್‌ಫರ್ಡ್

ಸಿನಿಮಾ ಸಪ್ಪೆ. ಅದರಲ್ಲಿ ನನ್ನ ಹಾಗೇ ಅಮೆರಿಕದಿಂದ ಓದಲು ಬಂದ ಬಾಯಿಬಡುಕನೊಬ್ಬ ಇಲ್ಲಿ ಎಲ್ಲರಿಂದ ಬೈಸಿಕೊಂಡು, ಕೊನೆಗೆ ದೋಣಿ ಪಂದ್ಯ ಗೆದ್ದು ಅವರ ಹೆಗಲೇರುತ್ತಾನೆ. ಸುಳ್ಳು. ಇಲ್ಲಿ ನನ್ನನ್ನು ಯಾರೂ ಬೈಯುವುದಿಲ್ಲ.

ಕಾಲೇಜಿನ ಊಟದ ಮೇಜಿನಲ್ಲಿ ಓದಿನ ಮಾತೆತ್ತಿದವನಿಗೆ ದಂಡವುಂಟು. ಬೆಳ್ಳಿ ಹೂಜಿಯ ತುಂಬ ಬಿಯರನ್ನು ಒಂದೇ ಉಸಿರಿಗೆ ಕುಡಿಯಬೇಕು. ನಿನ್ನೆ ಸಹಪಾಠಿ ಲಯನೆಲ್ ತನ್ನ ಪ್ರಬಂಧದ ಗೋಳು ತೋಡಿಕೊಂಡಾಗ, ದಂಡ ಹಾಕುವ ಹಿರಿಯ ವಿದ್ಯಾರ್ಥಿ ಕ್ರಿಸ್ಪಿನ್, "ಸಿಕ್ಕಿಬಿದ್ದೆಯಲ್ಲೋ ಕಳ್ಳ. ಕುಡಿ ಈಗ" ಎಂದ. ಎಲ್ಲರೂ ಮೇಜು ಗುದ್ದಿ ನಕ್ಕರು.

ಇಂದು ಸಿನಿಮಾ ನೋಡಿ ಬಂದು ಊಟಕ್ಕೆ ಕೂತಾಗ ನಾನೂ ಬಾಯಿ ತಪ್ಪಿ ನನ್ನ ಪ್ರಬಂಧದ ಮಾತೆತ್ತಿದೆ. ಹೂಜಿ ಬರುತ್ತದೆಂದು ಕಾದೆ. ಎಲ್ಲರೂ ಉಣ್ಣುತ್ತಲೇ ಇದ್ದರು. ಕೇಳಿಸಲಿಲ್ಲವೇನೋ ಎಂದು ಇನ್ನೂ ಗಟ್ಟಿಯಾಗಿ ಹೇಳಿದೆ.

ಕ್ರಿಸ್ಪಿನ್ ನಗುತ್ತಲೇ, "ಹೌದಾ? ಒಳ್ಳೇದಾಯ್ತು ಬಿಡಿ. ಉಪ್ಪು ಸ್ವಲ್ಪ ಈ ಕಡೆ ಕೊಡ್ತೀರಾ?" ಎಂದ.

ಉಪ್ಪು ಕೊಟ್ಟೆ. ಅವರು ದಂಡ ಹಾಕುವುದು ತಮ್ಮವರಿಗೆ ಮಾತ್ರ. ಇನ್ನೂ ಎರಡೂವರೆ ವರ್ಷ ಇದೇ ಮೇಜು. ನಾಳೆ ಬೇಕೆಂದೇ ಮತ್ತೆ ಪ್ರಬಂಧದ ಮಾತೆತ್ತಿ ನೋಡುತ್ತೇನೆ. ಆಗಲೂ ಉಪ್ಪನ್ನೇ ಕೇಳಿದರೆ...