ಅಮ್ಮನಿಗೆ ಹನ್ನೊಂದು ದೂರು

ಮಾರ್ಚ್ ೧೨, ಮಧ್ಯಾಹ್ನ

ಪರರ ಮಗುವನ್ನು ಲಾಲಿ ಹಾಡಿ ಮಲಗಿಸುವ ಉದ್ಯೋಗದಲ್ಲಿ ವಿರಾಜಮಾನಳಾದ ಅಕ್ಕನ ಪಾದಗಳಿಗೆ,

ಈ ಮನೆಯ ಅಡುಗೆ, ಬಟ್ಟೆ ಮತ್ತು ಕಸಪೊರಕೆ ಖಾತೆಗಳ ಸಚಿವೆಯಾದ ನಿನ್ನ ತಂಗಿ ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಪತ್ರ ತಡವಾಯಿತು, ಕ್ಷಮಿಸು. ಸಚಿವೆಯ ಕೈ ಸದಾ ಒದ್ದೆ.

ಅಮ್ಮ ಚೆನ್ನಾಗಿದ್ದಾಳೆ. ಬಟ್ಟೆ ಒಗೆಯುವ ಮೆಷಿನ್ ಕಂಪನಿಯ ಫೋನಿನಲ್ಲಿ ಈಗಲೂ ಜನರ ದೂರು ಕೇಳುತ್ತಾಳೆ, ದಿನಕ್ಕೆ ಎಂಬತ್ತು ಕರೆ. ಸಂಜೆ ಬಂದವಳು ಚಪ್ಪಲಿ ಬಿಟ್ಟು ಗೋಡೆಗೆ ಒರಗಿಬಿಡುತ್ತಾಳೆ. ಏನಾದರೂ ಕೇಳಿದರೆ, "ಮಾತು ಮುಗೀತು ಕಣೇ, ನಾಳೆ ನೋಡೋಣ" ಅನ್ನುತ್ತಾಳೆ, ತರಕಾರಿ ಮುಗಿದ ಹಾಗೆ.

ಆದ್ದರಿಂದ ನಾನೊಂದು ಘನಕಾರ್ಯ ಕೈಗೊಂಡೆ. ಬಟ್ಟೆ ಹರವಿ ಬಂದು, ಮೂಗು ಹಿಡಿದುಕೊಂಡು, ಎಪ್ಪತ್ತರ ಮುದುಕನಾಗಿ ಅವಳ ಆಫೀಸಿಗೆ ಫೋನ್ ಮಾಡಿದೆ. ಅಲ್ಲಿರುವುದು ಮೂವರು, ಬೇರೆಯವರು ಎತ್ತಿದರೆ ಇಟ್ಟುಬಿಡುತ್ತೇನೆ.

"ನನ್ನ ಮೆಷಿನ್ ಸುತ್ತುವಾಗ ನಿಟ್ಟುಸಿರು ಬಿಡುತ್ತೆ ತಾಯೀ."

"ಅಯ್ಯೋ ಪಾಪ," ಅಂದಳು ಅಮ್ಮ. "ಒಬ್ಬರೇ ಇದ್ದೀರಾ ತಾತಾ? ಊಟ ಆಯ್ತಾ?"

"ಇನ್ನೂ ಇಲ್ಲ."

"ಮೊದಲು ಊಟ ಮಾಡಿ. ಮೆಷಿನ್ ಎಲ್ಲೂ ಓಡಿಹೋಗಲ್ಲ."

ಅಕ್ಕಾ, ಆ ದನಿ ಬಿಸಿಲಲ್ಲಿ ಒಣಗಿದ ಹೊದಿಕೆಯ ಹಾಗೆ ಮೈಮೇಲೆ ಬಿತ್ತು. ತಂತಿಯ ಮೇಲಿನ ಚಾದರಗಳು ಹಾಯಿಗಳಂತೆ ಉಬ್ಬಿದವು. ಮನೆ ಮೆಲ್ಲಗೆ ಎಲ್ಲಿಗೋ ತೇಲಿತು. ಫೋನ್ ಕಿವಿಗಿಟ್ಟುಕೊಂಡೇ ತೂಕಡಿಸಿದೆ. "ತಾತಾ, ಇದ್ದೀರಾ?" ಎಂದು ಅವಳು ಯಾವುದೋ ದಡದಿಂದ ಕರೆಯುತ್ತಲೇ ಇದ್ದಳು.

ಹೀಗೆ ಹತ್ತು ಸಲ ಮುದುಕನಾಗಿದ್ದೇನೆ. ಅವಳಿಗೆ ಸುಳಿವೇ ಸಿಕ್ಕಿಲ್ಲ. ನೀವಿಬ್ಬರೂ ಹೊರಗಿನವರನ್ನು ಸಂತೈಸಿ ತರುವ ಸಂಬಳದಲ್ಲಿ ನಾನು ಉಂಡು ಗುಂಡಾಗಿದ್ದೇನೆ, ದೂರುವ ಹಾಗಿಲ್ಲ.

ಆ ಮಗುವಿಗೆ ಹಲ್ಲು ಬಂತೆ? ಅದಕ್ಕೆ ಸೊಂಪಾದ ನಿದ್ದೆಯೂ ನಿನ್ನ ಬೆನ್ನಿಗೆ ಬಿಡುವೂ ಸಿಗಲಿ ಎಂದು ಹರಸುವ,

ಖಾತೆಗಳ ಭಾರದಿಂದ ಬಾಗಿದ
ನಿನ್ನ ಕಪಿ

ವಿ.ಸೂ.: ನಿನ್ನೆ ಹನ್ನೊಂದನೇ ಸಲ. ಜ್ವರವಿತ್ತು, ಮುದುಕನಾಗಲು ಆಗಲಿಲ್ಲ. ನನ್ನದೇ ದನಿಯಲ್ಲಿ "ಅಮ್ಮಾ" ಅಂದೆ. ಕರೆಗಳನ್ನೆಲ್ಲ ಆಫೀಸಿನ ಮೇಲಿನವರು ಕೇಳಿಸಿಕೊಳ್ಳುತ್ತಾರೆ, ಅದು ನನಗೂ ಗೊತ್ತು. ಆಮೇಲೆ ಅದೇ ಮೆತ್ತನೆಯ ದನಿ: "ನಿಮ್ಮ ಮೆಷಿನ್ ನಂಬರ್ ಹೇಳಿ ಮೇಡಂ." ನಮ್ಮ ಮನೆಯಲ್ಲಿ ಮೆಷಿನ್ ಎಲ್ಲಿದೆ ಅಕ್ಕಾ? ಬಾಯಿಗೆ ಬಂದ ನಂಬರ್ ಹೇಳಿದೆ. ಅಮ್ಮ ಒಂದೊಂದೇ ಅಂಕಿಯನ್ನು ತಿರುಗಿ ಹೇಳುತ್ತಾ, ಬಹಳ ನಿಧಾನವಾಗಿ ಬರೆದುಕೊಂಡಳು.